ಡಬ್ಬಿಯ ಮೇಲಿನ ನರಕೋಶ

ನನ್ನ ತಂದೆಯದು ಹುಬ್ಬಳ್ಳಿಯಲ್ಲಿ ರೈತರ ಕಾಳು, ಹತ್ತಿ ಮಾರಿಸಿಕೊಡುವ ಅಡತಿ ಅಂಗಡಿ. ಮನೆಯಲ್ಲಿ ಸ್ನಾನ, ಲಿಂಗಪೂಜೆ ಮುಗಿಯದೆ ಯಾರೂ ಚಹಾ ಕೂಡ ಮುಟ್ಟುತ್ತಿರಲಿಲ್ಲ. ಕೋಳಿಯ ತತ್ತಿ ಎಂಬ ಶಬ್ದ ಕೇಳಿದರೇ ಅವ್ವ ಮುಖ ಕಿವುಚುತ್ತಿದ್ದಳು. ಅಂಥ ಮನೆಯ ಎರಡನೆಯ ಮಗಳಾದ ನಾನು ಧಾರವಾಡದಲ್ಲಿ ನರಕೋಶಗಳ ಮೇಲೆ ಸಂಶೋಧನೆಗೆ ಸೇರಿದಾಗ, ಅದು ಎಂಥ ಕೆಲಸವೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಮೆದುಳಿನ ಬಗ್ಗೆ ದಪ್ಪ ದಪ್ಪ ಪುಸ್ತಕ ಓದುವ ಕೆಲಸವಿರಬೇಕು ಎಂದುಕೊಂಡಿದ್ದರು. ನಾನೂ ಬಿಡಿಸಿ ಹೇಳಲಿಲ್ಲ.

ಒಂದು ಶನಿವಾರ ಮನೆಗೆ ಬಂದವಳ ಹತ್ತಿರ ನಿಂತು ಅವ್ವ ಮೂಗು ಮುಚ್ಚಿಕೊಂಡಳು.

“ಏನಬೇ ಇದು ವಾಸನಿ? ಸತ್ತ ಹೆಗ್ಗಣದ ಗತೆ ಬರಾಕತ್ತೈತಿ.”

ಹೇಳದೆ ಗತಿ ಇರಲಿಲ್ಲ. ಬಿಳಿ ಇಲಿಗಳನ್ನು ಸಾಕುತ್ತೇವೆ, ಅವುಗಳ ಎಚ್ಚರ ತಪ್ಪಿಸಿ ಮೆದುಳು ತೆಗೆಯುತ್ತೇವೆ, ಅದನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ ಎಂದೆ. ಅವ್ವ ಸೀದಾ ಹೋಗಿ ಹಿತ್ತಲಿನ ಬಚ್ಚಲಲ್ಲಿ ಬಿಸಿನೀರು ಇಟ್ಟಳು. ನನ್ನ ಬಟ್ಟೆಯನ್ನು ಕೋಲಿನಿಂದ ಎತ್ತಿ ಬೇರೆ ಬಕೀಟಿಗೆ ಹಾಕಿದಳು. ಊಟಕ್ಕೆ ಕೂತಾಗ ಅಪ್ಪನೇ ನನ್ನ ಪರವಾಗಿ ಮಾತಾಡಿದ: “ಅಂಗಡ್ಯಾಗ ನಾವು ಇಲಿ ಕೊಲ್ಲೂದಿಲ್ಲೇನು? ವಿಷ ಹಾಕಿ ಕೊಂದು ಗಟಾರಕ್ಕ ಒಗಿತೀವಿ. ಆಕಿ ಕೊಂದಿದ್ದಕ್ಕ ಏನಾರ ತಿಳಕೋತಾಳಲ್ಲ.”

ಅಪ್ಪನ ಆ ಮಾತು ನನಗೆ ಬಹಳ ವರ್ಷ ಆಸರೆಯಾಗಿತ್ತು. ಏನಾದರೂ ತಿಳಿದುಕೊಳ್ಳುತ್ತೇನೆ ಎಂಬುದೊಂದೇ ಆ ಕೆಲಸಕ್ಕೆ ನನ್ನಲ್ಲಿದ್ದ ಸಮರ್ಥನೆ.

ಯಾಕೆಂದರೆ ಆ ಕೆಲಸದ ಹೇಸಿಗೆ ನನಗೆ ಎಂದೂ ರೂಢಿಯಾಗಲಿಲ್ಲ. ಇಲಿಮನೆಯ ಬಾಗಿಲು ತೆಗೆದ ಕೂಡಲೇ ಉಚ್ಚೆಯ ಘಾಟು ಕಣ್ಣಿಗೆ ಹೊಡೆಯುತ್ತಿತ್ತು. ಫಾರ್ಮಲಿನ್ ಬೆರಳ ಸಂದಿಗೆ ಸೇರಿ, ಮಧ್ಯಾಹ್ನ ರೊಟ್ಟಿ ಮುರಿದರೆ ಅದರಲ್ಲೂ ಅದೇ ವಾಸನೆ. ಇಲಿಮನೆ ನೋಡಿಕೊಳ್ಳುತ್ತಿದ್ದವರು ನನ್ನ ಅಪ್ಪನ ವಯಸ್ಸಿನ ಒಬ್ಬ ಹಿರಿಯರು. ಎಲ್ಲರೂ ಕಾಕಾ ಎನ್ನುತ್ತಿದ್ದರು. ಪಂಜರ ತೊಳೆದು, ಹೊಟ್ಟು ಬದಲಿಸಿ, ನೀರು ತುಂಬಿಸುವುದು ಅವರ ಕೆಲಸ. ನಾನು ಕೈಗವಸು ಹಾಕಿಕೊಂಡು ನಿಂತರೆ, “ಲಗೂ ಮುಗಸ್ರಿ ಅಕ್ಕಾರ, ಉಳದೂವು ಹೆದರ್ಕೊಂಡ ಕುಂತಾವು” ಎನ್ನುತ್ತಿದ್ದರು. ಅದು ಖರೇ ಆಗಿತ್ತು. ಒಂದು ಪಂಜರ ತೆಗೆದರೆ ಉಳಿದ ಪಂಜರಗಳಲ್ಲಿ ಸಪ್ಪಳವೇ ನಿಂತುಹೋಗುತ್ತಿತ್ತು.

ಆದರೆ ಸೂಕ್ಷ್ಮದರ್ಶಕದ ಮುಂದೆ ಕೂತ ಮೇಲೆ ಬೇರೆ ಲೋಕ. ನಮ್ಮದು ಹಳೆಯ ವಿಧಾನ. ಮೆದುಳಿನ ತುಣುಕನ್ನು ಕಿತ್ತಳೆ ಬಣ್ಣದ ಒಂದು ದ್ರಾವಣದಲ್ಲಿ ಹಲವು ದಿನ ಇಟ್ಟು, ಆಮೇಲೆ ಬೆಳ್ಳಿಯ ದ್ರಾವಣಕ್ಕೆ ಹಾಕಬೇಕು. ಸಾವಿರಾರು ಕೋಶಗಳಲ್ಲಿ ಎಲ್ಲೋ ಕೆಲವು ಮಾತ್ರ ಪೂರ್ತಿ ಕಪ್ಪಾಗುತ್ತವೆ. ಅವೇ ಯಾಕೆ, ಪಕ್ಕದವು ಯಾಕಲ್ಲ, ಸರಿಯಾಗಿ ಯಾರಿಗೂ ಗೊತ್ತಿಲ್ಲ. ಹಳದಿ ಹಿನ್ನೆಲೆಯಲ್ಲಿ ಒಂದೇ ಒಂದು ಕೋಶ, ಬೇಸಿಗೆಯ ಹೊಲದ ಬದುವಿನ ಜಾಲಿಗಿಡದಂತೆ, ಎಲೆಯಿಲ್ಲದೆ ಟೊಂಗೆ ಚಾಚಿ ನಿಂತಿರುತ್ತದೆ. ಟೊಂಗೆಯ ಉದ್ದಕ್ಕೂ ಸಣ್ಣ ಸಣ್ಣ ಮುಳ್ಳು. ಒಂದು ಕೋಶದ ಸುದ್ದಿ ಇನ್ನೊಂದಕ್ಕೆ ಮುಟ್ಟುವುದು ಬಹುಮಟ್ಟಿಗೆ ಆ ಮುಳ್ಳುಗಳ ಮೇಲೆಯೇ. ಪ್ರಾಣಿ ಕಲಿತರೆ ಮುಳ್ಳು ಹೆಚ್ಚಬಹುದು, ಬಹಳ ದಿನ ಹಿಂಸೆಯಲ್ಲಿದ್ದರೆ ಉದುರಬಹುದು. ಅವನ್ನು ಎಣಿಸುವುದು ನನ್ನ ಕೆಲಸ. ಕೈಯಲ್ಲಿ ಟಿಕ್ ಟಿಕ್ ಎನ್ನುವ ಎಣಿಕೆಯ ಯಂತ್ರ ಹಿಡಿದು, ವರ್ಷಗಟ್ಟಲೆ ಮುಳ್ಳು ಎಣಿಸಿದೆ. ಕತ್ತು ನೋಯುತ್ತಿತ್ತು, ಮನಸ್ಸು ಮಾತ್ರ ಸುಖವಾಗಿತ್ತು.

ನನಗೆ ಈ ವಿದ್ಯೆ ಕಲಿಸಿದವರು ನಮ್ಮ ಸರ್. ಇಸ್ತ್ರಿಯ ಬಿಳಿ ಅಂಗಿ, ಮೆಲುದನಿ, ಧಾರವಾಡದ ತಿದ್ದಿದ ಮಾತು. ತಮ್ಮ ಹರೆಯದಲ್ಲಿ ಅವರೂ ಕಣ್ಣು ಕೆಂಪಾಗುವವರೆಗೆ ಸ್ಲೈಡು ನೋಡಿದವರೇ. ನನಗೆ ಅದೇ ವಿಭಾಗದಲ್ಲಿ ಪಾಠ ಮಾಡುವ ಕೆಲಸ ಸಿಗುವುದಕ್ಕೂ ಅವರೇ ಕಾರಣ. ಆದರೆ ವಿಭಾಗದ ಮುಖ್ಯಸ್ಥರಾದ ಮೇಲೆ ಅವರು ಇಲಿಮನೆಯ ಕಡೆ ಬರುವುದನ್ನು ಬಿಟ್ಟರು. ಬಂದರೂ ಹೊಸ್ತಿಲ ಹೊರಗೇ, ಮೂಗಿಗೆ ಕರವಸ್ತ್ರ.

ಒಮ್ಮೆ ಲಕಮನಹಳ್ಳಿಯ ಕೈಗಾರಿಕಾ ವಸಾಹತಿನಿಂದ ಒಬ್ಬ ಮಾಲೀಕರು ಹಣ್ಣಿನ ಬುಟ್ಟಿ ಹಿಡಿದು ಬಂದರು. ಗಿಡಮೂಲಿಕೆಯ ಔಷಧಿ ತಯಾರಿಸುವ ಸಣ್ಣ ಕಾರ್ಖಾನೆ ಅವರದು. ಒಂದೆಲಗದ ಸಿರಪ್ಪು ಮಾಡಿದ್ದರು. ನೆನಪಿನ ಶಕ್ತಿಗೆ, ಪರೀಕ್ಷೆಯ ಮಕ್ಕಳಿಗೆ. ಅದಕ್ಕೊಂದು ವೈಜ್ಞಾನಿಕ ಆಧಾರ ಬೇಕಾಗಿತ್ತು. ಸರ್ ಒಪ್ಪಿಕೊಂಡು ಪ್ರಯೋಗವನ್ನು ನನಗೆ ವಹಿಸಿದರು.

ಮೂರು ಗುಂಪು ಇಲಿ. ಮೊದಲನೆಯದಕ್ಕೆ ಏನೂ ಇಲ್ಲ. ಎರಡನೆಯದನ್ನು ದಿನಾ ಕೆಲವು ತಾಸು ಬಿಗಿಯಾದ ಕೊಳವೆಯಲ್ಲಿ ಕೂಡಿಡುವುದು. ಮೂರನೆಯದನ್ನೂ ಹಾಗೆಯೇ ಕೂಡಿಡುವುದು, ಜೊತೆಗೆ ಸಿರಪ್ಪು ಕುಡಿಸುವುದು. ಕೊಳವೆಯೊಳಗೆ ಇಲಿಗಳು ಹೇತುಕೊಂಡು, ಅದರಲ್ಲೇ ಮುಖ ಒರಸಿಕೊಂಡು ಬಿದ್ದಿರುತ್ತಿದ್ದವು. ದಿನಾ ನಾನೇ ಹಾಕಬೇಕು, ನಾನೇ ತೆಗೆಯಬೇಕು. ಮದುವೆಯಾಗಿ ವರ್ಷವಾಗಿತ್ತು, ಆಗ ನಾನು ಬಸುರಿ. ಎಷ್ಟೋ ಸಲ ಹೊರಗೋಡಿ ವಾಂತಿ ಮಾಡಿಕೊಂಡಿದ್ದೇನೆ.

ಆ ಬೇಸಿಗೆಯಲ್ಲಿ ಕರೆಂಟು ಕೈಕೊಟ್ಟಿತು. ಎರಡನೆಯ ಗುಂಪಿನ, ಇನ್ನೂ ದ್ರಾವಣಕ್ಕೆ ಹಾಕದ ಮೆದುಳುಗಳನ್ನು ಇಟ್ಟ ಫ್ರಿಜ್ಜು ರಜೆಯಲ್ಲಿ ಆರಿಹೋಗಿ, ಮುಚ್ಚಳ ತೆಗೆದರೆ ಒಳಗಿದ್ದುದು ಮೆತ್ತಗೆ, ಹಳಸಿದ ಗಂಜಿಯ ಹಾಗೆ. ಆದರೂ ನೋಡೋಣವೆಂದು ದ್ರಾವಣಕ್ಕೆ ಹಾಕಿ, ಕೊಯ್ದು ಸ್ಲೈಡು ಮಾಡಿದೆ. ಕೋಶಗಳು ಊದಿ, ಟೊಂಗೆಗಳು ಮುರಿದು ಬಿದ್ದಿದ್ದವು. ಕೊಳೆತದ್ದಕ್ಕೆ ಹಾಗಾದವು, ಹಿಂಸೆಯಿಂದ ಅಲ್ಲ. ದಾಖಲೆಗೆಂದು ಒಂದೆರಡು ಫೋಟೋ ತೆಗೆದು, ಆ ಸ್ಲೈಡುಗಳನ್ನೆಲ್ಲ ಒಂದು ಬಿಸ್ಕೀಟಿನ ಡಬ್ಬಿಯಲ್ಲಿ ಹಾಕಿ, ಮೇಲೆ “ಕೆಟ್ಟಿವೆ” ಎಂದು ಬರೆದು ಕಪಾಟಿನ ತಳಕ್ಕೆ ಇಟ್ಟೆ. ಪ್ರಯೋಗ ಮೊದಲಿನಿಂದ ಮಾಡಬೇಕು ಎಂದು ಸರ್‌ಗೆ ಹೇಳಿದೆ.

“ಆಗ್ಲಿ, ನೋಡೋಣಂತ. ನೀವು ಈಗ ಆರೋಗ್ಯ ನೋಡ್ಕೋರಿ” ಎಂದರು.

ಮಗಳು ಹುಟ್ಟಿದಳು. ನಾನು ರಜೆಯಲ್ಲಿದ್ದೆ. ಹೆಸರಿಡುವ ದಿನ ಸರ್ ಮನೆಗೆ ಬಂದರು. ತೊಟ್ಟಿಲಿಗೆ ಬೆಳ್ಳಿಯ ಗಿಲಕಿ ಕಟ್ಟಿದರು, ಹೋಳಿಗೆ ಉಂಡರು. ಹೊರಡುವಾಗ ಚೀಲದಿಂದ ಒಂದು ಹಾಳೆ ತೆಗೆದು, “ಒಂದು ಲೇಖನ ಕಳಸ್ಲಿಕ್ಕೆ ಹತ್ತೇನಿ. ನಿಮ್ಮ ಹೆಸರೂ ಹಾಕೇನಿ. ಇಲ್ಲೊಂದು ಸಹಿ ಮಾಡಿಬಿಡ್ರಿ” ಎಂದರು. ಎದೆಗೆ ಕೂಸು ಹಾಕಿಕೊಂಡು ಕೂತಿದ್ದೆ. ಹಿಂದಿನ ಯಾವುದೋ ಕೆಲಸದ್ದಿರಬೇಕು ಎಂದುಕೊಂಡು, ಓದದೆ, ಎಡಗೈಯಲ್ಲಿ ಕೂಸಿನ ತಲೆ ಹಿಡಿದು ಬಲಗೈಯಲ್ಲಿ ಸಹಿ ಹಾಕಿದೆ. ಗುರುಗಳು ಮನೆಯ ತನಕ ಬಂದರಲ್ಲ ಎಂದು ಅವ್ವನಿಗೆ ಹಿಗ್ಗೋ ಹಿಗ್ಗು.

ರಜೆ ಮುಗಿಸಿ ಬಂದ ಮೇಲೆ ಆ ಪ್ರಯೋಗದ ಮಾತೆತ್ತಿದಾಗಲೆಲ್ಲ ಸರ್ ಮುಂದಕ್ಕೆ ಹಾಕುತ್ತ ಬಂದರು. ಮಗಳಿಗೆ ಎರಡು ತುಂಬುವ ಹೊತ್ತಿಗೆ ಒಂದು ದಿನ ಗೋಕುಲ ರಸ್ತೆಯ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗಳು ಹತ್ತನೆಯ ತರಗತಿ. ಮುಂಜಾನೆ ಅಕ್ಕ ಅವಳ ಮೂಗು ಹಿಡಿದು ಚಮಚೆಯಲ್ಲಿ ಏನೋ ಕುಡಿಸುತ್ತಿದ್ದಳು.

“ವ್ಯಾ... ಚಿಗವ್ವಾ, ನೀನರ ಹೇಳ ಅವ್ವಗ, ಹೊಲಸ ನಾರತೈತಿ ಇದು” ಎಂದು ಹುಡುಗಿ ಅಳುಮುಖ ಮಾಡಿದಳು.

“ಸುಮ್ನ ಕುಡಿ. ನಿಮ್ಮ ಚಿಗವ್ವನ ಡಿಪಾರ್ಟಮೆಂಟನ್ಯಾಗ ಟೆಸ್ಟ್ ಮಾಡಿದ್ದೈತಿ. ನೋಡವಾ, ಡಬ್ಬಿ ಮ್ಯಾಲೆ ನಿಮ್ದ ಫೋಟೋ ಹಾಕ್ಯಾರ” ಎಂದು ಅಕ್ಕ ರಟ್ಟಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು.

ಡಬ್ಬಿಯ ಒಂದು ಮಗ್ಗುಲಿಗೆ ಎರಡು ಚಿತ್ರ. ಒಂದರ ಕೆಳಗೆ “ಮೊದಲು”, ಇನ್ನೊಂದರ ಕೆಳಗೆ “ನಂತರ”. ನಂತರ ಎಂದಿದ್ದ ಚಿತ್ರದಲ್ಲಿ ಮುಳ್ಳು ತುಂಬಿದ ಒಂದು ಚೆಂದದ ಕೋಶ. ಅದರ ಮೂರನೆಯ ಟೊಂಗೆಯ ಪಕ್ಕ ಜೋಳದ ಕಾಳಿನಂಥ ಒಂದು ಕಪ್ಪು ಚುಕ್ಕೆ, ಬೆಳ್ಳಿಯ ಕಸ. ಆ ಕಸವನ್ನು ಒರೆಸಿ ತೆಗೆಯಲು ಹೋಗಿ ನಾನು ಸೋತಿದ್ದೆ. ಅದು ನಾನೇ ತೆಗೆದ ಫೋಟೋ. ಹಿಂಸೆಯನ್ನೂ ಕಾಣದ, ಸಿರಪ್ಪನ್ನೂ ಮುಟ್ಟದ, ಮೊದಲನೆಯ ಗುಂಪಿನ ಇಲಿಯದು. ಮೊದಲು ಎಂದಿದ್ದ ಚಿತ್ರ ಊದಿದ, ಮುರಿದ ಕೋಶ. ಅದನ್ನೂ ನೋಡಿದ ಕೂಡಲೇ ಗುರುತಿಸಿದೆ. ಫ್ರಿಜ್ಜಿನಲ್ಲಿ ಕೊಳೆತದ್ದು.

ಆ ಗಂಜಿಯ ವಾಸನೆ ಡಬ್ಬಿಯಿಂದಲೇ ಬಂದಂತಾಯಿತು. ಅಕ್ಕ ಉಪ್ಪಿಟ್ಟು ಹಾಕಿ ಕೊಟ್ಟಳು, ಮುಟ್ಟಲಿಲ್ಲ. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದುಬಂದೆ.

ಮರುದಿನ ಕಪಾಟು ತೆಗೆದರೆ ಬಿಸ್ಕೀಟಿನ ಡಬ್ಬಿ ಇರಲಿಲ್ಲ. ಕಾಕಾನನ್ನು ಕೇಳಿದೆ.

“ಅದನ್ನ ಸರ್ ಒಯ್ದ್ರಲ್ರಿ, ನೀವು ಬಾಣಂತಿ ಇದ್ದಾಗ. ಅದು ಕೆಟ್ಟಿದ್ದೈತ್ರಿ ಅಂತ ಅಕ್ಕಾರ ಹೇಳ್ಯಾರ ಅಂದೆ. ಇರ್ಲಿ ಕೊಡು ಅಂದ್ರು.”

ಲೇಖನವನ್ನು ಹುಡುಕಿ ಓದಿದೆ. ಮೊದಲ ಹೆಸರು ಸರ್‌ದು, ಎರಡನೆಯದು ನನ್ನದು. ನಾನು ಎಣಿಸದ ಮುಳ್ಳುಗಳ ಎಣಿಕೆ ಅದರಲ್ಲಿತ್ತು. ಮೂರನೆಯ ಗುಂಪನ್ನು ನಾನಿನ್ನೂ ಕೊಯ್ದೂ ಇರಲಿಲ್ಲ.

ಸರ್ ಕೋಣೆಗೆ ಹೋಗಿ ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಅವರು ಚಹಾ ಕುಡಿಯುತ್ತಿದ್ದರು. ಬೆಚ್ಚಿಬೀಳಲಿಲ್ಲ. ಕಪ್ಪು ಕೆಳಗಿಟ್ಟು, “ಕೂಡ್ರಿ” ಎಂದರು.

“ಸರ್, ಇದು ಮೊದಲನೇ ಗುಂಪಿಂದು. ಇದು ಕೊಳತದ್ದು.”

“ಗೊತ್ತದ.”

“ಗೊತ್ತಿದ್ದೂ ಹಾಕಿದ್ರಿ?”

“ನರಕೋಶ ನೋಡ್ಲಿಕ್ಕೆ ಎಲ್ಲಾ ಒಂದೇ ನಮೂನಿ ಇರ್ತಾವ. ನಿಮಗ ಬಿಟ್ರ ಯಾರಿಗೆ ಗುರ್ತು ಸಿಗ್ತದ? ಒಂದೆಲಗ ಏನು ವಿಷ ಅಲ್ಲ. ನಮ್ಮಜ್ಜಿ ನಮಗ ತಂಬಳಿ ಮಾಡಿ ಹಾಕ್ತಿದ್ಲು. ಇದರಿಂದ ಯಾರಿಗೆ ಏನು ಕೆಟ್ಟದಾಗ್ತದ ಹೇಳ್ರಿ?”

“ಇದು ಸುಳ್ಳು ಸರ್.”

“ಮೆಲ್ಲಕ ಮಾತಾಡ್ರಿ” ಎಂದರು. ಅವರ ದನಿ ಮಾತ್ರ ಬದಲಾಗಲಿಲ್ಲ. “ನಿಮ್ಮ ಸಹಿನೂ ಅದ. ನಾನು ಇನ್ನೇನು ನಿವೃತ್ತಿ ಆಗಾಂವ. ಈ ಖುರ್ಚಿ ಮ್ಯಾಲೆ ನೀವಽ ಕೂಡಬೇಕು ಅಂತ ನನ್ನ ಮನಸ್ನ್ಯಾಗ ಅದ.”

ಹೀಗೆ ಹೇಳಿ ನನ್ನ ಕಡೆ ಬಿಸ್ಕೀಟಿನ ತಟ್ಟೆ ಸರಿಸಿದರು. ಹೇಳಲು ನಾಚಿಕೆಯಾಗುತ್ತದೆ: ಅಭ್ಯಾಸಬಲದಿಂದ ನಾನು ಒಂದು ಬಿಸ್ಕೀಟು ತೆಗೆದುಕೊಂಡೆ. ಹೊರಗೆ ಬಂದ ಮೇಲೆ ಅದು ಕೈಯಲ್ಲೇ ಇರುವುದು ಗೊತ್ತಾಯಿತು. ಬೆವರಿಗೆ ನೆನೆದು ಬೆರಳಿಗೆ ಅಂಟಿಕೊಂಡಿತ್ತು.

ಆಮೇಲಾದರೂ ಕೂಡಲೇ ಏನಾದರೂ ಮಾಡಿದೆನೆ? ಇಲ್ಲ. ಕೆಲವು ವಾರ ಸುಮ್ಮನಿದ್ದೆ. ಅಕ್ಕನಿಗೆ ಮಾತ್ರ ಸಿರಪ್ಪು ನಿಲ್ಲಿಸು ಎಂದು ಫೋನು ಮಾಡಿದೆ, ಕಾರಣ ಹೇಳಲಿಲ್ಲ. ಮುಂಜಾನೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವುದು ಬೇಡವಾಗಿತ್ತು. ಸರ್ ಮಾಡಿದ್ದು ಅಸಹ್ಯ, ಅದು ಸರಿ. ಆದರೆ ಎದುರಿಗೆ ಬಂದರೆ ನಮಸ್ಕಾರ ಎನ್ನುತ್ತಿದ್ದ ನನ್ನ ಕೈಗಳು?

ಒಂದು ಸಂಜೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಪಕ್ಕದಲ್ಲಿ ನನ್ನ ವಯಸ್ಸಿನ ಹೆಂಗಸು. ಅವಳ ತೊಡೆಯ ಮೇಲೆ ಏಳೆಂಟು ವರ್ಷದ ಹುಡುಗಿ, ಬಾಯಿಂದ ಜೊಲ್ಲು ಸುರಿಯುತ್ತಿತ್ತು. ತಾಯಿ ಸೆರಗಿನಿಂದ ಒರೆಸುತ್ತ ಮಾತಿಗೆಳೆದಳು. ನಾನು ಏನು ಕೆಲಸ ಮಾಡುತ್ತೇನೆಂದು ಕೇಳಿದಳು. ಮೆದುಳಿಗೆ ಸಂಬಂಧಿಸಿದ್ದು ಎಂದೆ.

“ಹಂಗಾರ ನಿಮಗ ಗೊತ್ತಿರಬೇಕ್ರಿ” ಎಂದು ಅವಳು ಚೀಲದಿಂದ ಅದೇ ಡಬ್ಬಿ ತೆಗೆದಳು. “ಇಕಿಗೆ ಫಿಟ್ಸ್ ಬರ್ತಾವ್ರಿ. ಡಾಕ್ಟರ್ ಗುಳಗಿ ಕೊಟ್ಟಿದ್ರು, ತಗೊಂಡ್ರ ಬರೇ ಮಲಗತಾಳ್ರಿ. ಅದನ್ನ ಬಿಡಿಸಿ ಇದನ್ನ ಚಾಲೂ ಮಾಡೇನ್ರಿ. ಫೋಟೋ ನೋಡ್ರಿ, ನರ ಹೆಂಗ ಚಿಗರ್ಯಾವ.”

ಅವಳ ಉಗುರು ನಾನು ತೆಗೆದ ಫೋಟೋದ ಮೇಲಿತ್ತು.

“ಗುಳಗಿ ಬಿಡಿಸಬ್ಯಾಡ್ರಿ ಅಕ್ಕಾರ” ಎಂದೆ. “ಇವತ್ತಽ ಡಾಕ್ಟರ್ ಕಡೆ ಹೋಗಿ ಕೇಳಿ ಮತ್ತ ಚಾಲೂ ಮಾಡ್ರಿ. ಈ ಫೋಟೋ ಸುಳ್ಳೈತಿ. ನಾನಽ ತಗದದ್ದು.”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನೀವು ತಗದಿದ್ರ ಸುಳ್ಳು ಹೆಂಗಾಕೈತ್ರಿ?” ಎಂದಳು. ನಾನು ತೊದಲುತ್ತ ವಿವರಿಸತೊಡಗಿದೆ. ಅವಳು ಡಬ್ಬಿಯನ್ನು ಒಳಗಿಟ್ಟು ಕಿಟಕಿಯ ಕಡೆ ತಿರುಗಿಬಿಟ್ಟಳು. ನವನಗರದಲ್ಲಿ ಹುಡುಗಿಯನ್ನು ಹೆಗಲಿಗೆ ಹಾಕಿಕೊಂಡು ಇಳಿದು ಹೋದಳು. ಅವಳ ಹಿಂದೆ ಇಳಿಯಬೇಕಾಗಿತ್ತು. ಇಳಿಯಲಿಲ್ಲ. ಆ ಹುಡುಗಿಗೆ ಏನಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅದೇ ವಾರ ನಾನು ಆ ಲೇಖನ ಪ್ರಕಟಿಸಿದ ಸಂಶೋಧನಾ ಪತ್ರಿಕೆಯ ಸಂಪಾದಕರಿಗೆ ಬರೆದೆ. ಮೂಲ ಫೋಟೋಗಳನ್ನು ಕಳಿಸಿದೆ. ಓದದೆ ಸಹಿ ಹಾಕಿದ್ದು ನನ್ನ ತಪ್ಪು ಎಂಬುದನ್ನೂ ಬರೆದೆ. ಔಷಧಿ ನಿಯಂತ್ರಣದ ಕಚೇರಿಗೂ, ನಮ್ಮ ಮೇಲಿನವರಿಗೂ ಒಂದೊಂದು ಪ್ರತಿ.

ವಿಚಾರಣೆಗೆ ಮೂವರು ಹಿರಿಯ ಪ್ರಾಧ್ಯಾಪಕರ ಸಮಿತಿ ಬಂತು. ಮೇಜಿನ ಮೇಲೆ ತಿನ್ನಲು ಗಿರಮಿಟ್ಟು, ಮಿರ್ಚಿ ಭಜಿ. ಒಬ್ಬರು ಎಣ್ಣೆಗೈಯಲ್ಲೇ ನನ್ನ ಫೋಟೋ ಎತ್ತಿ ಬೆಳಕಿಗೆ ಹಿಡಿದರು. ಕೊಳೆತ ಕೋಶದ ಮೇಲೆ ಎಣ್ಣೆಯ ಹೆಬ್ಬೆಟ್ಟು ಮೂಡಿತು.

“ಈ ಸಹಿ ನಿಮ್ದಽ ಹೌದಲ್ಲ?”

“ಹೌದ್ರಿ.”

“ಮತ್ತ ಇಷ್ಟ ದಿನ ಯಾಕ ಸುಮ್ನಿದ್ರಿ?”

ಆ ಸಮಿತಿ ಕೇಳಿದ ಒಂದೇ ಒಂದು ಸರಿಯಾದ ಪ್ರಶ್ನೆ ಅದು.

ಕಾಕಾನನ್ನೂ ಕರೆಸಿದರು. ಅವರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ಕಂಡದ್ದನ್ನು ಕಂಡಂತೆ ಹೇಳಿದರು. ಸರ್ ಅಲ್ಲೇ ಕೂತಿದ್ದರು. “ನನಗ ಓದಾಕ ಬರ್ತೈತ್ರಿ. ಕೆಟ್ಟಿವೆ ಅಂತ ಬರದಿತ್ತು. ಸರ್‌ಗೂ ಓದಾಕ ಬರ್ತೈತಿ” ಎಂದರು. ಅಷ್ಟು ಜನರಲ್ಲಿ ಆ ದಿನ ನನಗೆ ಹೇಸಿಗೆ ಹುಟ್ಟಿಸದ ಮುಖ ಅದೊಂದೇ. ಸಮಿತಿಯ ವರದಿಯಲ್ಲಿ ಕಾಕಾನ ಮಾತೇ ಇರಲಿಲ್ಲ. ಚಿತ್ರಗಳು ಕಣ್ತಪ್ಪಿನಿಂದ ಅದಲುಬದಲಾಗಿವೆ ಎಂದು ಬರೆದಿದ್ದರು.

ಪತ್ರಿಕೆಯವರು ಮಾತ್ರ ಲೇಖನವನ್ನು ಹಿಂದಕ್ಕೆ ತೆಗೆದರು. ಇಬ್ಬರ ಹೆಸರನ್ನೂ ಹಾಕಿ ನಾಲ್ಕು ಸಾಲಿನ ಪ್ರಕಟಣೆ. ನನ್ನ ಹೆಸರು ಹುಡುಕಿದವರಿಗೆ ಈಗಲೂ ಮೊದಲು ಸಿಗುವುದು ಅದೇ. ಇರಲಿ. ಸಿಗಬೇಕು.

ಅಕ್ಕನಿಗೆ ಎಲ್ಲ ಹೇಳಿದಾಗ ಸಮಾಧಾನದ ಮಾತು ಬರಬಹುದೆಂದುಕೊಂಡಿದ್ದೆ. ಅವಳು ಸಿಟ್ಟಿಗೆದ್ದಳು. “ಓಣಿ ತುಂಬ ನನ್ನ ತಂಗಿ ಮಾಡಿದ್ದು ಅಂತ ಹೇಳಿ ಎಲ್ಲಾರ ಮನ್ಯಾಗೂ ಕುಡಿಸೇನಿ. ಈಗ ನಾ ಯಾವ ಬಾಯ್ಲೆ ಹೋಗಿ ಹೇಳಲಿ?” ಎಂದಳು. ಆದರೂ ಹೋದಳು. ಮನೆ ಮನೆಗೆ ಹೋಗಿ ಹೇಳಿದಳು. ಒಬ್ಬಾಕೆ ಇವಳ ಮುಖದ ಮೇಲೆ ಬಾಗಿಲು ಹಾಕಿದಳಂತೆ. ಕೆಲವು ತಿಂಗಳು ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಳು.

ಸರ್ ನಿವೃತ್ತರಾದರು. ಶಾಲು, ಹಾರ, ದೊಡ್ಡ ಸಮಾರಂಭ. ಧಾರವಾಡದ ವಿಜ್ಞಾನಕ್ಕೆ ಅವರು ತಂದ ಕೀರ್ತಿಯ ಬಗ್ಗೆ ಭಾಷಣಗಳಾದವು. ಸಮಿತಿಯ ಮೂವರೂ ಮುಂದಿನ ಸಾಲಿನಲ್ಲಿದ್ದರು. ನಾನು ಹಿಂದೆ ಕೂತು ಪೂರ್ತಿ ಕೇಳಿದೆ. ಎದ್ದುಹೋಗುವ ಧೈರ್ಯ ಬರಲಿಲ್ಲ, ಚಪ್ಪಾಳೆ ಮಾತ್ರ ತಟ್ಟಲಿಲ್ಲ. ಡಬ್ಬಿಯ ಮೇಲೆ ಈಗ ಕನ್ನಡಕ ಹಾಕಿದ ನಗುವ ಹುಡುಗಿಯ ಚಿತ್ರವಿದೆ. ಸಿರಪ್ಪು ಮಾರಾಟವಾಗುತ್ತಲೇ ಇದೆ.

ಖುರ್ಚಿ ಬೇರೆಯವರಿಗೆ ಹೋಯಿತು. ನನಗೆ ಮೊದಲ ವರ್ಷದ ಪ್ರಾಯೋಗಿಕ ತರಗತಿಗಳು ಬಂದವು. ಇಲಿಮನೆ ಮುಚ್ಚಿತು. ಮುಚ್ಚುವ ಮುಂಚೆ ನಾನೇ ಅರ್ಜಿ ಕೊಟ್ಟು ಇನ್ನು ಇಲಿಯ ಕೆಲಸ ಬೇಡ ಎಂದಿದ್ದೆ. ಸುಳ್ಳಿಗಾಗಿ ಕೊಂದ ಇಲಿಗಳು ಕೊಳವೆಯಲ್ಲಿ ಹೇತುಕೊಂಡು ಬಿದ್ದಿದ್ದ ಚಿತ್ರ ಕಣ್ಣಿಂದ ಹೋಗುತ್ತಿರಲಿಲ್ಲ. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದ. ಅವನಿಗೆ ಇದನ್ನೆಲ್ಲ ಹೇಳುವ ಪ್ರಸಂಗ ಬರಲಿಲ್ಲವೆಂದು ಒಳಗೊಳಗೇ ನಿರಾಳವಾಯಿತು. ಆ ನಿರಾಳಕ್ಕೂ ನನಗೆ ಅಸಹ್ಯವಾಯಿತು.

ನರಕೋಶಗಳನ್ನು ಮಾತ್ರ ಬಿಡಲಾಗಲಿಲ್ಲ. ಈಗ ಬಸವನಹುಳುವಿನ ಕೆಲಸ ಮಾಡುತ್ತೇನೆ. ಕೆರೆಯ ಸಣ್ಣ ಬಸವನಹುಳು. ಅದರ ನರಕೋಶಗಳು ಎಷ್ಟು ದೊಡ್ಡವೆಂದರೆ ವಿದ್ಯಾರ್ಥಿಗಳ ಸಾದಾ ಸೂಕ್ಷ್ಮದರ್ಶಕದಲ್ಲೂ ಒಂದೊಂದಾಗಿ ಕಾಣುತ್ತವೆ, ಕಿತ್ತಳೆ ಬಣ್ಣ ಬೇರೆ. ಯಾವ ಕೋಶ ಎಲ್ಲಿದೆ ಎಂಬುದು ಬಹಳಷ್ಟು ಹುಳುಗಳಲ್ಲಿ ಒಂದೇ. ಯಾರು ಬೇಕಾದರೂ ಇನ್ನೊಂದು ಹುಳು ತಂದು ನಾನು ಹೇಳಿದ್ದು ಖರೇನೋ ಸುಳ್ಳೋ ನೋಡಬಹುದು. ನನ್ನ ಲೇಖನಗಳು ಸಣ್ಣವು, ಓದುವವರು ಕಡಿಮೆ. ಹೋದ ವರ್ಷದ ಒಂದು ಲೇಖನದ ತಿರುಳೇ, ನಾವು ಅಂದುಕೊಂಡಂತೆ ಏನೂ ಆಗಲಿಲ್ಲ ಎಂಬುದು.

ಹುಳು ತರಲು ಕೆಲಗೇರಿ ಕೆರೆಗೆ ನಾನೇ ಹೋಗುತ್ತೇನೆ. ದಂಡೆಯ ಪಾಚಿಯಲ್ಲಿ ಕೈ ಹಾಕಬೇಕು. ಲೋಳೆ ಮೊಣಕೈವರೆಗೆ ಹತ್ತುತ್ತದೆ, ಕೆಸರು ನಾರುತ್ತದೆ. ಮೊನ್ನೆ ಒಬ್ಬ ಹೆಂಗಸು ಅರಿವೆ ಒಗೆಯುವುದನ್ನು ನಿಲ್ಲಿಸಿ, ಸೊಂಟದ ಮೇಲೆ ಕೈ ಇಟ್ಟುಕೊಂಡು ನನ್ನ ಬಕೀಟನ್ನು ಬಗ್ಗಿ ನೋಡಿದಳು.

“ಅಯ್ಯ ಶಿವನ! ಇವನ್ನ ತಿಂತೀರೇನ್ರಿ?”

“ಇಲ್ರಿ. ಇವುಕ್ಕ ಎಷ್ಟು ಬುದ್ಧಿ ಐತಿ ಅಂತ ನೋಡ್ತೀನಿ.”

“ನೋಡಿ ಏನ್ ಮಾಡ್ತೀರಿ?”

“ಕಂಡದ್ದನ್ನ ಬರೀತೀನ್ರಿ.”

ಅವಳು ಥೂ ಎಂದು ಪಕ್ಕಕ್ಕೆ ಉಗುಳಿ, ನಕ್ಕು, ತನ್ನ ಸಾಬೂನನ್ನು ನನ್ನ ಕಡೆ ಚಾಚಿದಳು. “ಮದ್ಲ ಕೈ ತೊಳಕೋರಿ, ನೋಡಾಕ ಆಗವಲ್ದು” ಎಂದಳು. ನಾನು ಬಕೀಟನ್ನು ಕಲ್ಲಿನ ಮೇಲಿಟ್ಟು ಕೈ ತೊಳೆಯಲು ಕೂತೆ.